ತಲೆಯಲ್ಲಿ ‘ಆಲ್ದೋ’, ಬಾಲದಲ್ಲಿ ‘ರೂ’

(ಪ್ರೌಢಶಾಲೆಗಳ ಇಂಗ್ಲಿಷ್ ಅಧ್ಯಾಪಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ನೀವೆಲ್ಲರೂ ಎಷ್ಟೋ ಸಲ ತಿದ್ದಿರುವ ಒಂದು ವಾಕ್ಯದಿಂದಲೇ ಮಾತು ಶುರು ಮಾಡುತ್ತೇನೆ. ‘ಆಲ್ದೋ ಐ ಸ್ಟಡೀಡ್ ವೆಲ್, ಬಟ್ ಐ ಫೇಲ್ಡ್.’ ಚೆನ್ನಾಗಿ ಓದಿದ್ದರೂ ಫೇಲಾದೆ ಎಂದು ಹೇಳಲು ಹೊರಟ ಮಕ್ಕಳು ಬರೆಯುವ ಇಂಗ್ಲಿಷ್ ಇದು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಈ ‘ಬಟ್’ ಕೆಳಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ‘ಎರಡೂ ಬೇಡ, ಒಂದು ಸಾಕು’ ಎಂದು ಬರೆದು ಪುಟ ತಿರುವುತ್ತಿದ್ದೆ. ಒಮ್ಮೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದುಕೊಂಡು ಮೇಜಿನ ಹತ್ತಿರ ಬಂದು, ‘ಸರ್, ಒಂದು ಸಾಕು ಅಂತ ಬರೆದಿದ್ದೀರಿ. ಎರಡು ಸಲ ಹೇಳಿದರೆ ಅರ್ಥ ಇನ್ನೂ ಗಟ್ಟಿ ಆಗಲ್ವಾ?’ ಎಂದು ಕೇಳಿದಳು. ‘ಅದು ರೂಲು ಕಣಮ್ಮ’ ಎಂದು ಹೇಳಿ ಕಳುಹಿಸಿಬಿಟ್ಟೆ. ಅದು ಉತ್ತರವಲ್ಲವೆಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇವತ್ತಿನ ಮಾತು ಅವಳಿಗೆ ಆವತ್ತು ಕೊಡದೆ ಉಳಿಸಿಕೊಂಡ ಉತ್ತರ.

ಆ ‘ಬಟ್’ ಎಲ್ಲಿಂದ ಬಂತು? ಕನ್ನಡದಲ್ಲಿ ಆಡುವಾಗ ಆ ಹುಡುಗಿ ಎರಡು ಸಲ ಹೇಳುವುದಿಲ್ಲವಲ್ಲ! ‘ಚೆನ್ನಾಗಿ ಓದಿದ್ದರೂ ಫೇಲಾದೆ’ ಎನ್ನುವಲ್ಲಿ ವಿರೋಧವನ್ನು ಸೂಚಿಸುವುದು ಒಂದೇ ಒಂದು ‘ರೂ’. ಹಾಗಾಗಿ ಕನ್ನಡದಲ್ಲಿ ಎರಡಿದೆ, ಅದನ್ನೇ ಇಂಗ್ಲಿಷಿಗೂ ಸಾಗಿಸುತ್ತಾರೆ ಎಂಬ ಸುಲಭದ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಆ ಒಂದು ‘ರೂ’ ವಾಕ್ಯದಲ್ಲಿ ಎಲ್ಲಿ ಕೂತಿದೆ ಎಂದು ನೋಡಿ. ‘ಚೆನ್ನಾಗಿ ಓದಿದ್ದ’ ಎಂಬ ಭಾಗ ಮುಗಿದು ‘ಫೇಲಾದೆ’ ಎಂಬ ಭಾಗ ಶುರುವಾಗುವ ಸಂದಿನಲ್ಲಿ, ಬಾಗಿಲಿಗೆ ಕೀಲು ಇರುವ ಹಾಗೆ, ಎರಡು ಉಪವಾಕ್ಯಗಳನ್ನು ಅದು ಬೆಸೆದಿದೆ. ಇಂಗ್ಲಿಷಿನಲ್ಲಿಯಾದರೋ ‘ಆಲ್ದೋ’ ವಾಕ್ಯದ ತೀರ ಎಡಗಡೆಗೆ, ತಲೆಯ ಮೇಲೆ, ಹೋಗಿ ಕೂತುಬಿಡುತ್ತದೆ. ಎರಡು ಉಪವಾಕ್ಯಗಳ ನಡುವಿನ ಸಂದಿನಲ್ಲಿ ಉಳಿಯುವುದು ಬರೀ ಒಂದು ಅಲ್ಪವಿರಾಮ. ಕನ್ನಡದ ಕಿವಿಗೆ ಆ ಜಾಗ ಬೋಳು ಬೋಳಾಗಿ ಕೇಳಿಸುತ್ತದೆ, ಕೀಲು ಇರಬೇಕಾದಲ್ಲಿ ಕೀಲಿಲ್ಲ. ‘ಬಟ್’ ಬಂದು ತುಂಬುವುದು ಆ ಬೋಳು ಜಾಗವನ್ನು. ಅಂದರೆ ಹುಡುಗಿ ಒಂದು ಮಾತನ್ನು ಎರಡು ಸಲ ಹೇಳುತ್ತಿಲ್ಲ. ಇಂಗ್ಲಿಷ್ ಕೇಳುವ ಜಾಗದಲ್ಲಿ ಒಮ್ಮೆ, ಕನ್ನಡ ಕೇಳುವ ಜಾಗದಲ್ಲಿ ಒಮ್ಮೆ ಹೇಳುತ್ತಿದ್ದಾಳೆ.

ಹಾಗಾದರೆ ಇಂಗ್ಲಿಷ್ ಅದನ್ನು ಏಕೆ ಒಪ್ಪುವುದಿಲ್ಲ? ‘ಬಟ್’ ಎಂಬುದು ಸರಿಸಮಾನವಾದ ಎರಡನ್ನು ಜೋಡಿಸುವ ಪದ. ಅದರ ಎರಡು ಪಕ್ಕದಲ್ಲೂ ಸ್ವಂತ ಕಾಲಿನ ಮೇಲೆ ನಿಲ್ಲಬಲ್ಲ ವಾಕ್ಯಗಳಿರಬೇಕು. ‘ಐ ಸ್ಟಡೀಡ್ ವೆಲ್’ ಸ್ವಂತ ಕಾಲಿನ ಮೇಲೆ ನಿಲ್ಲುತ್ತದೆ. ಅದರ ಹಿಂದೆ ‘ಆಲ್ದೋ’ ಸೇರಿಸಿದ ಕೂಡಲೇ ಅದು ಇನ್ನೊಂದಕ್ಕೆ ಒರಗಿಕೊಳ್ಳಬೇಕಾದ ಅಧೀನ ಉಪವಾಕ್ಯವಾಗುತ್ತದೆ. ಒರಗಿಕೊಳ್ಳಲು ಬಂದದ್ದನ್ನು ‘ಬಟ್’ ಸರಿಸಮಾನ ಎಂದು ಪಕ್ಕದಲ್ಲಿ ಕೂರಿಸಲು ಹೋಗುತ್ತದೆ; ಇತ್ತ ಪ್ರಧಾನ ವಾಕ್ಯವೇ ಇಲ್ಲದಂತಾಗುತ್ತದೆ. ಮಕ್ಕಳಿಗೆ ಇದನ್ನು ಇಷ್ಟು ವ್ಯಾಕರಣ ಪದಗಳಿಲ್ಲದೆಯೂ ತೋರಿಸಬಹುದು. ‘ಚೆನ್ನಾಗಿ ಓದಿದ್ದರೂ’ ಎಂದಷ್ಟೇ ಹೇಳಿ ಸುಮ್ಮನಾಗಿ. ತರಗತಿ ‘ಓದಿದ್ದರೂ… ಏನಾಯ್ತು ಸರ್?’ ಎಂದು ಕೇಳುತ್ತದೆ. ‘ಆಲ್ದೋ ಐ ಸ್ಟಡೀಡ್ ವೆಲ್’ ಕೂಡ ಅದೇ ಥರ ಬಾಯಿ ತೆರೆದುಕೊಂಡು ನಿಂತಿರುವ ಮಾತು ಎಂದರೆ ಅವರಿಗೆ ಹತ್ತುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಬಾರದು. ‘ಆಲ್ದೋ’ ಬಂದ ಮೇಲೆ ಇನ್ನೊಂದು ವಿರೋಧಸೂಚಕ ಬರಲೇಬಾರದು ಎಂದು ನಾವು ಕೆಲವರು ಕಲಿಸುತ್ತೇವೆ, ಅದು ತಪ್ಪು. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ, ಯೋಬನ ಪುಸ್ತಕದಲ್ಲಿ, ‘ದೋ ಹಿ ಸ್ಲೇ ಮಿ, ಯೆಟ್ ವಿಲ್ ಐ ಟ್ರಸ್ಟ್ ಇನ್ ಹಿಮ್’ ಎಂಬ ಮಾತಿದೆ. ‘ದೋ’ ಇದೆ, ‘ಯೆಟ್’ ಕೂಡ ಇದೆ. ‘ಯೆಟ್’ ಮತ್ತು ‘ಸ್ಟಿಲ್’ ಇಂಥಲ್ಲಿ ಕ್ರಿಯಾವಿಶೇಷಣಗಳು, ಪ್ರಧಾನ ವಾಕ್ಯದ ಒಳಗೇ ಕೂತು ‘ಆದರೂ, ಅಷ್ಟಾದರೂ’ ಎಂದು ಒತ್ತಿ ಹೇಳುತ್ತವೆ, ವಾಕ್ಯದ ಕಟ್ಟನ್ನು ಮುರಿಯುವುದಿಲ್ಲ. ಸಂಸ್ಕೃತದ ‘ಯದ್ಯಪಿ… ತಥಾಪಿ’ ಎಂಬ ಜೋಡಿ ನಮ್ಮಲ್ಲಿ ಹಿರಿಯರ ಭಾಷಣಗಳಲ್ಲಿ ಇಂದಿಗೂ ಕೇಳಿಬರುತ್ತದೆ, ಅದರ ನಡಿಗೆಯೂ ಇದೇ. ಇಂದಿನ ಇಂಗ್ಲಿಷಿನಲ್ಲಿ ‘ಆಲ್ದೋ… ಯೆಟ್’ ಸ್ವಲ್ಪ ಹಳೆಯ ಕಾಲದ ಗತ್ತಿನದಾಗಿ ಕೇಳಿಸುತ್ತದೆ, ತಪ್ಪಾಗಿ ಅಲ್ಲ. ಆ ಹುಡುಗಿಯ ಕಿವಿ ಕೇಳುತ್ತಿದ್ದ ಕೀಲು ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ಧಾರಾಳವಾಗಿತ್ತು ಎಂದಾಯಿತು. ಅವಳು ಪೆಟ್ಟಿಗೆಯಿಂದ ತೆಗೆದುಕೊಂಡ ಮೊಳೆ ಮಾತ್ರ ಬೇರೆ ಅಳತೆಯದು.

ಈಗ ನಮ್ಮ ‘ರೂ’ವನ್ನೇ ಬಿಡಿಸಿ ನೋಡೋಣ. ‘ಬಂದರೆ’ ಎಂಬ ಷರತ್ತಿಗೆ ‘ಊ’ ಸೇರಿದರೆ ‘ಬಂದರೂ’. ಹಳಗನ್ನಡದ ‘ಬಂದೊಡೆ’, ‘ಬಂದೊಡಂ’ ಎಂಬ ಜೋಡಿಯಲ್ಲಿಯೂ ಇದೇ ಲೆಕ್ಕ. ಸಂಸ್ಕೃತದ ‘ಯದ್ಯಪಿ’ಯನ್ನು ಬಿಡಿಸಿದರೆ ‘ಯದಿ’ ಮತ್ತು ‘ಅಪಿ’, ಅಂದರೆ ಒಂದು ‘ರೆ’ ಮತ್ತು ಒಂದು ‘ಊ’. ಇಂಗ್ಲಿಷಿನ ‘ಈವನ್ ಇಫ್’ ಕೂಡ ಹಾಗೆಯೇ. ಒಂದು ಷರತ್ತನ್ನು ಹೇಳಿ, ‘ಅದು ನಡೆದರೆ ಕೂಡ’ ಎಂದು ಅದನ್ನು ಮೀರುವುದು, ಮೂರು ಭಾಷೆಗಳೂ ಹಿಡಿದ ಹಾದಿ. ‘ಆಲ್ದೋ’ದ ಹುಟ್ಟು ಬೇರೆ: ಮೊದಲಿಗಿದ್ದದ್ದು ‘ದೋ’, ಅದಕ್ಕೆ ಒತ್ತು ಕೊಡಲು ಹಿಂದೆ ‘ಆಲ್’ ಸೇರಿ ಒಂದೇ ಪದವಾಯಿತು.

ನಮ್ಮ ಮಕ್ಕಳ ಎರಡನೆಯ ತೊಡಕು ಹುಟ್ಟುವುದು ಇಲ್ಲಿಂದ. ಕೆಂಪು ಗೆರೆಗೆ ಇದು ಅಷ್ಟಾಗಿ ಸಿಕ್ಕುವುದಿಲ್ಲ, ಆದ್ದರಿಂದ ಹೆಚ್ಚು ಕಾಲ ಉಳಿಯುತ್ತದೆ. ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎನ್ನುತ್ತೇವೆ. ದೇವರು ವರ ಕೊಟ್ಟಾಗಿದೆಯೇ, ಇಲ್ಲವೇ? ಗಾದೆ ಅದನ್ನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ‘ಹೊಳೆಗೆ ಸುರಿದರೂ ಅಳೆದು ಸುರಿ’ ಎಂದಾಗ ಯಾರೂ ಇನ್ನೂ ಹೊಳೆಗೆ ಏನನ್ನೂ ಸುರಿದಿಲ್ಲ. ಇನ್ನೊಂದು ಕಡೆ ‘ಮಳೆ ಬಂದರೂ ಜಾತ್ರೆಗೆ ಹೋದೆವು’ ಎಂದರೆ ಮಳೆ ಬಂದದ್ದು ನಿಜ. ‘ಮಳೆ ಬಂದರೂ ಜಾತ್ರೆಗೆ ಹೋಗುತ್ತೇವೆ’ ಎಂದರೆ ಮಳೆ ಇನ್ನೂ ಮೋಡದಲ್ಲಿದೆ. ನಡೆದ ಸಂಗತಿಗೂ ನಡೆಯಬಹುದಾದ ಸಂಗತಿಗೂ ಕನ್ನಡ ‘ಬಂದರೂ’ ಎಂಬ ಒಂದೇ ರೂಪವನ್ನು ಕೊಡುತ್ತದೆ, ಯಾವುದೆಂದು ತಿಳಿಯಲು ಕೊನೆಯ ಕ್ರಿಯಾಪದದವರೆಗೆ ಕಾಯಬೇಕು. ‘ಬಂದಿದ್ದರೂ’ ಎಂದು ಬಿಗಿ ಮಾಡಿಕೊಳ್ಳುವ ಅನುಕೂಲ ಇದೆ, ಅದು ಕಡ್ಡಾಯವಲ್ಲ.

ಇಂಗ್ಲಿಷಿಗೆ ಈ ಕಾಯುವಿಕೆ ಒಗ್ಗದು. ಮೊದಲ ಪದದಲ್ಲೇ ಅದು ತೀರ್ಮಾನ ಕೇಳುತ್ತದೆ. ಮಳೆ ನಿಜವಾದರೆ ‘ಆಲ್ದೋ’, ‘ದೋ’, ‘ಈವನ್ ದೋ’. ಮಳೆ ಬರೀ ಊಹೆಯಾದರೆ ‘ಈವನ್ ಇಫ್’. ಬಾಯಿ ತೆರೆಯುವ ಮುಂಚೆಯೇ ಯಾವ ಕವಲು ಎಂದು ಆರಿಸಿಕೊಂಡಿರಬೇಕು. ‘ಈವನ್ ದೋ ಇಟ್ ರೇನ್ಸ್ ಟುಮಾರೋ, ವಿ ವಿಲ್ ಗೋ’ ಎಂದು ಬರೆಯುವವನಿಗೆ ವ್ಯಾಕರಣ ಬಾರದೆಂದಲ್ಲ. ಕನ್ನಡದಲ್ಲಿ ಒಂದೇ ಬಾಗಿಲಿದ್ದ ಜಾಗದಲ್ಲಿ ಇಂಗ್ಲಿಷ್ ಎರಡು ಬಾಗಿಲು ಇಟ್ಟಿದೆ, ಅವನು ಹತ್ತಿರದ್ದನ್ನು ತಳ್ಳಿದ. ನಾನು ಇದಕ್ಕೆ ಕಂಡುಕೊಂಡ ಮದ್ದು ಒಂದೇ: ‘ರೂ’ ಇರುವ ಹತ್ತು ಕನ್ನಡ ವಾಕ್ಯಗಳನ್ನು ಕೊಟ್ಟು, ಇಂಗ್ಲಿಷಿಗೆ ಕೈ ಹಚ್ಚುವ ಮೊದಲು ‘ಇದು ಆಗಿದೆಯೋ, ಆಗಬಹುದೋ’ ಎಂದು ಪ್ರತಿಯೊಂದರ ಮುಂದೆ ಬರೆಯಿಸುವುದು. ಎರಡು ಗಾದೆಗಳನ್ನು ಆ ಹತ್ತರಲ್ಲಿ ತಪ್ಪದೆ ಸೇರಿಸಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ನಿರೀಕ್ಷೆ ಮುರಿಯುವ ವಿರೋಧದ ಮಾತು. ಓದಿದವರು ಪಾಸಾಗಬೇಕು ಎಂಬ ನಿರೀಕ್ಷೆ ಮುರಿಯಿತು, ‘ಆಲ್ದೋ’ ಬಂತು. ನಿರೀಕ್ಷೆಯೇ ಇಲ್ಲದೆ, ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ‘ಇದು ಹೀಗೆ, ಅದು ಹಾಗೆ’ ಎನ್ನುವ ವಿರೋಧ ಬೇರೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.’ ಬೆಕ್ಕು ಆಡುತ್ತಿರುವುದರಿಂದ ಇಲಿಯೂ ಆಡಬೇಕಿತ್ತು ಎಂದು ಯಾರೂ ಎಣಿಸಿರಲಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ‘ವೇರ್‌ಆಸ್’, ಅಥವಾ ‘ವೈಲ್’. ಇವೆರಡನ್ನು ಗುರುತಿಸಲು ಸುಲಭದ ಪರೀಕ್ಷೆಯೊಂದಿದೆ, ತಿರುಗಿಸಿ ನೋಡುವುದು. ‘ಇಲಿಗೆ ಪ್ರಾಣಸಂಕಟ, ಬೆಕ್ಕಿಗೆ ಚೆಲ್ಲಾಟ’ ಎಂದರೆ ಲಯ ಕೆಟ್ಟಿತೇ ಹೊರತು ಅರ್ಥ ಕೆಡಲಿಲ್ಲ. ‘ಫೇಲಾಗಿದ್ದರೂ ಚೆನ್ನಾಗಿ ಓದಿದೆ’ ಎಂದು ತಿರುಗಿಸಿದರೆ ಬೇರೆಯದೇ ಕಥೆಯಾಗುತ್ತದೆ, ಫೇಲಾದ ಮೇಲೂ ಹಟ ಹಿಡಿದು ಓದಿದ ಹುಡುಗಿಯ ಕಥೆ.

ಗಮನಿಸಿದಿರಾ, ಬೆಕ್ಕಿನ ಗಾದೆಯಲ್ಲಿ ಜೋಡಿಸುವ ಪದವೇ ಇಲ್ಲ. ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎನ್ನುವಾಗಲೂ ಇಲ್ಲ. ಈ ಬಗೆಯ ವಿರೋಧಕ್ಕೆ ಕನ್ನಡದ ಮೊದಲ ಉಪಾಯವೆಂದರೆ ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಪಕ್ಕಪಕ್ಕ ಇಡುವುದು. ಎರಡನೆಯ ಉಪಾಯ ಇನ್ನೂ ಸೊಗಸಾದದ್ದು: ‘ಅಣ್ಣ ಡಾಕ್ಟರಾದರೆ ತಮ್ಮ ಮೇಷ್ಟ್ರು.’ ಇಲ್ಲಿರುವ ‘ರೆ’ ನೋಡಲು ಷರತ್ತು, ನಿಜಕ್ಕೂ ಷರತ್ತಲ್ಲ. ಅಣ್ಣ ಡಾಕ್ಟರಾಗದಿದ್ದರೆ ತಮ್ಮ ಮೇಷ್ಟ್ರ ಕೆಲಸಕ್ಕೆ ಹೋಗುತ್ತಿರಲಿಲ್ಲವೆಂದು ಇದರ ಅರ್ಥವೇ? ಅಲ್ಲ. ಇದು ಅಚ್ಚುಕಟ್ಟಾದ ‘ವೇರ್‌ಆಸ್’. ‘ರೆ’ ಎಂದರೆ ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿದಂತೆ, ‘ರೂ’ ಎಂದರೆ ಒಬ್ಬ ಇನ್ನೊಬ್ಬನ ದಾರಿಗೆ ಅಡ್ಡ ನಿಂತಂತೆ. ‘ಅಣ್ಣ ಡಾಕ್ಟರಾದರೂ ತಮ್ಮ ಮೇಷ್ಟ್ರು’ ಎಂದು ಒಂದು ಸ್ವರ ಬದಲಾಯಿಸಿದರೆ ತಮ್ಮನ ಮೇಲೆ ಮನೆಯವರ ನಿರಾಸೆ ಬಂದು ಕೂರುತ್ತದೆ. ಈ ‘ರೆ’ಯನ್ನು ಮಕ್ಕಳು ‘ಇಫ್’ ಎಂದು ಅನುವಾದಿಸಿದಾಗ ನಾವು ಬೈಯುತ್ತೇವೆ. ಬರವಣಿಗೆಯ ಇಂಗ್ಲಿಷಿನಲ್ಲಿ, ಮೊದಲರ್ಧ ನೀರಸವಾದರೆ ಎರಡನೆಯರ್ಧ ರೋಚಕ ಎಂಬ ಧಾಟಿಯಲ್ಲಿ, ‘ಇಫ್’ ಇದೇ ಕೆಲಸ ಮಾಡುವುದುಂಟು ಎಂಬುದನ್ನು ಬೈಯುವ ಮೊದಲು ನೆನೆಯಬೇಕು. ಶಾಲೆಯ ಮಟ್ಟಕ್ಕೆ ಮಾತ್ರ ‘ವೇರ್‌ಆಸ್’ ಸುರಕ್ಷಿತ.

‘ವೈಲ್’ ನಮ್ಮ ಮಕ್ಕಳಿಗಿಂತ ನಮ್ಮ ಪತ್ರಿಕೆಗಳನ್ನು ಹೆಚ್ಚು ಕಾಡಿದೆ. ಅದು ಮೂಲದಲ್ಲಿ ಕಾಲವಾಚಕ, ‘ಹೊತ್ತು’ ಎಂಬ ಅರ್ಥದ ನಾಮಪದ. ‘ಆ ಹೊತ್ತಿನಲ್ಲಿ’ ಎಂಬಲ್ಲಿಂದ ಹೊರಟು, ಒಂದೇ ಹೊತ್ತಿನಲ್ಲಿ ನಡೆಯುವ ಎರಡು ಸಂಗತಿಗಳನ್ನು ಹೋಲಿಸುತ್ತ ಹೋಲಿಸುತ್ತ ಅದು ವಿರೋಧವಾಚಕವೂ ಆಯಿತು. ಕನ್ನಡಕ್ಕೂ ಈ ದಾರಿ ಅಪರಿಚಿತವಲ್ಲ, ‘ಜ್ವರ ಇದ್ದಾಗಲೂ ಗದ್ದೆಗೆ ಹೋದ’ ಎಂಬಲ್ಲಿ ಕಾಲದ ‘ಆಗ’ ವಿರೋಧದ ಕೆಲಸವನ್ನೇ ಮಾಡುತ್ತಿದೆ. ಸುದ್ದಿಮನೆಯ ಮೇಜಿನ ಮೇಲೆ ಇಂಗ್ಲಿಷ್ ವರದಿ ಬಂದು ಬೀಳುತ್ತದೆ, ಅದರಲ್ಲಿ ‘ವೈಲ್’ ಕಂಡ ಕೂಡಲೇ ಅವಸರದ ಕೈ ‘ಬೆಂಗಳೂರಿನಲ್ಲಿ ಭಾರಿ ಮಳೆಯಾಗುತ್ತಿರುವಾಗ ಕಲಬುರಗಿಯಲ್ಲಿ ಒಣಹವೆ ಮುಂದುವರಿದಿದೆ’ ಎಂದು ಬರೆಯುತ್ತದೆ. ಓದುವವನಿಗೆ ಬೆಂಗಳೂರಿನ ಮಳೆಯೂ ಕಲಬುರಗಿಯ ಬಿಸಿಲೂ ಒಂದು ಗಡಿಯಾರದ ಎರಡು ಮುಳ್ಳುಗಳಂತೆ ಕಾಣುತ್ತವೆ. ‘ಬೆಂಗಳೂರಿನಲ್ಲಿ ಭಾರಿ ಮಳೆಯಾದರೆ ಕಲಬುರಗಿಯಲ್ಲಿ ಒಣಹವೆ’ ಎಂದು ಬರೆದಿದ್ದರೆ ಆಗುತ್ತಿತ್ತು. ಒಂದು ‘ರೆ’ಯಲ್ಲಿ ಮುಗಿಯುವ ಕೆಲಸ ಅದು.

‘ವೇರ್‌ಆಸ್’ ಬಗ್ಗೆ ಒಂದು ಅಡ್ಡಮಾತು. ಕಾನೂನು ಓದಿದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಇಷ್ಟರಲ್ಲಿ ತಲೆ ಅಲ್ಲಾಡಿಸಿರುತ್ತಾರೆ. 1860ರ ಭಾರತೀಯ ದಂಡ ಸಂಹಿತೆಯೂ 1872ರ ಭಾರತೀಯ ಕರಾರು ಅಧಿನಿಯಮವೂ ಶುರುವಾಗುವುದೇ ‘ವೇರ್‌ಆಸ್ ಇಟ್ ಈಸ್ ಎಕ್ಸ್‌ಪೀಡಿಯೆಂಟ್’ ಎಂದು. ಅಲ್ಲಿ ವಿರೋಧದ ಸುಳಿವೂ ಇಲ್ಲ, ‘ಹೀಗಿರುವುದರಿಂದ’ ಎಂಬ ಕಾರಣದ ಅರ್ಥ ಅದರದ್ದು. ನಮ್ಮ ರಾಜ್ಯದ ಅಧಿನಿಯಮಗಳ ಕನ್ನಡದಲ್ಲಿ ಅದು ‘ಯುಕ್ತವಾಗಿರುವುದರಿಂದ’ ಎಂದೇ ಬಂದಿದೆ, ಅನುವಾದಕರು ಪದವನ್ನು ನೋಡದೆ ಕೆಲಸವನ್ನು ನೋಡಿದ್ದಾರೆ. ಶಾಲೆಯಲ್ಲಿ ಇದನ್ನು ಕಲಿಸಬೇಕಾಗಿಲ್ಲ. ಜಾಣ ಹುಡುಗನೊಬ್ಬ ಅಪ್ಪನ ಹಳೆಯ ಕರಾರುಪತ್ರ ತಂದು ತೋರಿಸಿದರೆ ನೀವು ತಬ್ಬಿಬ್ಬಾಗಬಾರದು, ಅಷ್ಟೆ.

ಇನ್ನು ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎಂಬ ಪ್ರಶ್ನೆ. ನನಗೆ ಇದು ವ್ಯಾಕರಣದ ಪುಸ್ತಕದಿಂದ ತಿಳಿದದ್ದಲ್ಲ. ಬಹಳ ಹಿಂದೆ, ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಶಿಫಾರಸು ಪತ್ರ ಬರೆಯುತ್ತಿದ್ದೆ. ಹುಡುಗ ನಿಧಾನ, ಆದರೆ ಮಾಡಿದ ಕೆಲಸದಲ್ಲಿ ತಪ್ಪು ಹುಡುಕಲಾಗದು. ಎರಡನ್ನೂ ಹೇಳಿಬಿಡೋಣ ಎಂಬ ಪ್ರಾಮಾಣಿಕತೆಯ ಉಮೇದಿನಲ್ಲಿ ‘ಆಲ್ದೋ ಹಿ ಈಸ್ ಕೇರ್‌ಫುಲ್, ಹಿ ಈಸ್ ಸ್ಲೋ’ ಎಂದು ಬರೆದಿದ್ದೆ. ಲಕೋಟೆಗೆ ಹಾಕುವ ಮೊದಲು ಹಿರಿಯ ಸಹೋದ್ಯೋಗಿಯೊಬ್ಬರು ಓದಿ, ‘ಇವನಿಗೆ ಕೆಲಸ ಕೊಡಿ ಅಂತ ಬರೆದಿರೋ, ಕೊಡಬೇಡಿ ಅಂತಲೋ?’ ಎಂದರು. ತಿರುಗಿಸಿ ಬರೆಯಲು ಹೇಳಿದರು: ‘ಆಲ್ದೋ ಹಿ ಈಸ್ ಸ್ಲೋ, ಹಿ ಈಸ್ ಕೇರ್‌ಫುಲ್.’ ಪದಗಳೆಲ್ಲ ಅವೇ, ಸಂಗತಿಗಳೂ ಅವೇ. ‘ಆಲ್ದೋ’ ಹಿಡಿದುಕೊಂಡ ಸಂಗತಿ ‘ಇರಲಿ ಬಿಡಿ’ ಎಂದು ಒಪ್ಪಿಕೊಂಡು ಬದಿಗೆ ಸರಿಸಿದ್ದು. ಪ್ರಧಾನ ವಾಕ್ಯಕ್ಕೆ ಹೋದದ್ದು ಬರೆದವನ ತೀರ್ಪು. ‘ನಿಧಾನಿಯಾದರೂ ಜಾಗರೂಕ’, ‘ಜಾಗರೂಕನಾದರೂ ನಿಧಾನಿ’ ಎಂಬಲ್ಲಿ ಕನ್ನಡ ಕೂಡ ಹೀಗೇ ತೂಗುತ್ತದೆ. ಇದು ನನಗೆ ಕನ್ನಡದಲ್ಲಿ ಹುಟ್ಟಿನಿಂದ ಗೊತ್ತಿತ್ತು. ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ವ್ಯಾಕರಣ ಸರಿಯಿದೆಯೇ ಎಂಬ ಒಂದೇ ಭಯದಲ್ಲಿ ತೂಕ ನೋಡುವುದನ್ನು ಮರೆತಿದ್ದೆ.

ಇಂಗ್ಲಿಷಿಗೆ ಮಾತ್ರ ಇರುವ ಒಂದು ಅನುಕೂಲವೆಂದರೆ ‘ಆಲ್ದೋ’ ಉಪವಾಕ್ಯವನ್ನು ಕೊನೆಗೂ ಹಾಕಬಹುದು. ‘ವಿ ಫಿನಿಶ್ಡ್ ದ ವರ್ಕ್, ಆಲ್ದೋ ನೋಬಡಿ ಥ್ಯಾಂಕ್ಡ್ ಅಸ್.’ ಇಲ್ಲಿ ಅದು ಅಡ್ಡಿಯನ್ನು ಹೇಳುತ್ತಿಲ್ಲ, ಹೇಳಿ ಮುಗಿಸಿದ ಮೇಲೆ ಗೊಣಗಿದಂತೆ ಒಂದು ಕೊಕ್ಕೆ ಸೇರಿಸುತ್ತಿದೆ. ‘ಯಾರೂ ಥ್ಯಾಂಕ್ಸ್ ಹೇಳದಿದ್ದರೂ ಕೆಲಸ ಮುಗಿಸಿದೆವು’ ಎಂದು ಅನುವಾದಿಸಿದರೆ ವ್ಯಾಕರಣ ಸರಿ, ಕಥೆ ತಲೆಕೆಳಗು. ಥ್ಯಾಂಕ್ಸ್ ಹೇಳಬೇಕಾಗಿದ್ದದ್ದು ಕೆಲಸ ಮುಗಿದ ಮೇಲಲ್ಲವೇ! ಆಡುಮಾತಿನಲ್ಲಿ ‘ಹೋದ್ವಿ ಬಿಡಿ, ಅಷ್ಟು ಮಳೆ ಇದ್ರೂನು’ ಎಂದು ‘ರೂ’ವನ್ನು ಹಿಂದಕ್ಕೆ ತಳ್ಳುತ್ತೇವೆ, ಬರಹ ಅದನ್ನು ಅಷ್ಟಾಗಿ ಸಹಿಸದು. ಆದ್ದರಿಂದ ಕೊನೆಯಲ್ಲಿ ಬರುವ ‘ಆಲ್ದೋ’ಗೆ ಕನ್ನಡದಲ್ಲಿ ಸಲ್ಲುವ ಅನುವಾದ ಬಹಳ ಸಲ ‘ರೂ’ ಅಲ್ಲ, ‘ಆದರೆ’: ‘ಕೆಲಸ ಮುಗಿಸಿದೆವು, ಆದರೆ ಯಾರೂ ಒಂದು ಥ್ಯಾಂಕ್ಸ್ ಹೇಳಲಿಲ್ಲ.’ ತಲೆಯಲ್ಲಿದ್ದರೆ ‘ರೂ’, ಬಾಲದಲ್ಲಿದ್ದರೆ ‘ಆದರೆ’ ಎಂದು ಅನುವಾದ ಕಲಿಯುವವರಿಗೆ ನಾನು ಹೇಳುವುದುಂಟು. ಎಲ್ಲ ಕಡೆ ನಡೆಯುವ ಸೂತ್ರವಲ್ಲ, ಬಹುಪಾಲು ಕಡೆ ನಡೆಯುತ್ತದೆ.

‘ಡಿಸ್ಪೈಟ್’ ಮತ್ತು ‘ಇನ್ ಸ್ಪೈಟ್ ಆಫ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇವೆರಡರ ಮುಂದೆ ನಾಮಪದ ಬರಬೇಕು, ವಾಕ್ಯವಲ್ಲ. ‘ಡಿಸ್ಪೈಟ್ ಆಫ್’ ಎಂದು ಎರಡನ್ನೂ ಕಲಸುವುದು ನಮ್ಮಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳ ಪತ್ರಗಳಲ್ಲೂ ಇದೆ. ನಿಮ್ಮ ಕೆಂಪು ಪೆನ್ನಿಗೆ ಅದು ಸಿಕ್ಕೇ ಸಿಕ್ಕುತ್ತದೆ.

ನನ್ನ ಮಟ್ಟಿಗೆ ಹೆಚ್ಚು ಕುತೂಹಲದ್ದು ‘ಪೂರ್ ದೋ ಹಿ ವಾಸ್, ಹಿ ವಾಸ್ ಆನೆಸ್ಟ್’ ಎಂಬ ಬಗೆ. ಇದನ್ನು ವ್ಯುತ್ಕ್ರಮ ಎಂದು, ಕಷ್ಟದ್ದು ಎಂದು, ಪುಸ್ತಕದ ಕೊನೆಗೆ ತಳ್ಳಿಬಿಡುತ್ತೇವೆ. ಪದಗಳ ಸಾಲನ್ನು ನೋಡಿ: ‘ಪೂರ್’ ಮೊದಲು, ‘ದೋ’ ಆಮೇಲೆ. ‘ಬಡವ’ ಮೊದಲು, ‘ಆದರೂ’ ಆಮೇಲೆ. ತಲೆಯ ಮೇಲಿದ್ದ ‘ದೋ’ ಈ ಒಂದು ಕಟ್ಟಿನಲ್ಲಿ ಗುಣವಾಚಕದ ಬೆನ್ನಿಗೆ ಇಳಿದು ಕನ್ನಡದ ಜಾಗಕ್ಕೆ ಬಂದು ಕೂತಿದೆ. ‘ಬಡವನಾದರೂ ಪ್ರಾಮಾಣಿಕ’ ಎಂದು ಹಲಗೆಯ ಮೇಲೆ ಬರೆದು, ಅದರ ಕೆಳಗೆ ಇಂಗ್ಲಿಷನ್ನು ಪದಕ್ಕೆ ಪದ ಹೊಂದುವಂತೆ ಬರೆದು ತೋರಿಸಿದರೆ, ಕಷ್ಟದ ಪಾಠ ಎಂದುಕೊಂಡಿದ್ದು ಐದು ನಿಮಿಷದಲ್ಲಿ ಮುಗಿಯುತ್ತದೆ.

‘ದೋ’ ಇನ್ನೂ ಒಂದು ಜಾಗಕ್ಕೆ ಹೋಗಬಲ್ಲದು, ಅಲ್ಲಿಗೆ ‘ಆಲ್ದೋ’ ಹೋಗಲಾರದು. ಅದು ವಾಕ್ಯದ ಕಟ್ಟಕಡೆಯ ಜಾಗ. ‘ದ ಫುಡ್ ವಾಸ್ ಗುಡ್. ಇಟ್ ವಾಸ್ ಕಾಸ್ಟ್ಲಿ, ದೋ.’ ಮಾತಿನ ಇಂಗ್ಲಿಷಿನಲ್ಲಿ ಇದು ದಿನಬಳಕೆಯದು, ನಮ್ಮ ಪಠ್ಯಗಳಲ್ಲಿ ಕಾಣಿಸುವುದು ಅಪರೂಪ. ಇದಕ್ಕೆ ಕನ್ನಡದಲ್ಲಿ ಏನೆನ್ನುವುದು ಎಂದು ಹಿಂದೊಮ್ಮೆ ಇಂಥದೇ ಕೂಟದಲ್ಲಿ ಒಬ್ಬರು ಕೇಳಿದ್ದರು. ‘ಆದರೂ’, ‘ಆದಾಗ್ಯೂ’, ‘ಹಾಗಿದ್ದರೂ’ ಎಂದು ನಾನು ಒಂದೊಂದಾಗಿ ಹಾಕಿ ನೋಡಿದೆ, ಒಂದೂ ಹಿಡಿಸಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಹೋಟೆಲಿನಿಂದ ಹೊರಗೆ ಬರುತ್ತಿದ್ದಾಗ, ಆ ಪ್ರಶ್ನೆ ಕೇಳಿದವರೇ ಬಿಲ್ಲನ್ನು ಮಡಚಿ ಜೇಬಿಗಿಡುತ್ತ ತಮ್ಮಷ್ಟಕ್ಕೆ ಹೇಳಿಕೊಂಡರು: ‘ಊಟ ಚೆನ್ನಾಗಿತ್ತು ಸರ್. ರೇಟು ಮಾತ್ರ ಜಾಸ್ತಿ.’